ದೃಷ್ಟಿಬೊಟ್ಟಿಟ್ಟ ವೆಬ್‌ಸೈಟು

ಬೇರೆಯವರಿಗೆ ಅಪರೂಪಕ್ಕೊಂದು ಆಘಾತವಾಗುತ್ತೆ. ನನಗೆ ಹಾಗಲ್ಲ, ಬಸ್ಸಿಳಿದ ಊರಲ್ಲೆಲ್ಲ ಒಂದೊಂದು ಕಾದು ಕೂತಿರುತ್ತೆ. ನನ್ನ ಕಸುಬೇ ಅಂಥದ್ದು.

ಮೊದಲು ಚಿಕ್ಕಬಳ್ಳಾಪುರದಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುತ್ತಿದ್ದೆ. ಜನ ಪತ್ರಿಕೆಯನ್ನೂ ವಾಟ್ಸಾಪಿನಲ್ಲೇ ಹಂಚೋಕೆ ಶುರು ಮಾಡಿದ ಮೇಲೆ ಅಂಗಡಿಯ ಬೋರ್ಡು ಬದಲಾಯಿಸಿದೆ. ಈಗ ವೆಬ್‌ಸೈಟುಗಳ ತಪಾಸಣೆ ಮಾಡುತ್ತೇನೆ. ಒಳ್ಳೇ ಊಟ ಎಲ್ಲಿ ಸಿಗುತ್ತೆ, ಒಳ್ಳೇ ಛತ್ರ ಯಾವುದು ಅಂತ ಜನ ಈಗ ಪಕ್ಕದ ಮನೆಯವರನ್ನ ಕೇಳಲ್ಲ, ಫೋನಿನೊಳಗಿನ ಎಐಯನ್ನ ಕೇಳ್ತಾರೆ. ಅದು ಊರವರ ವೆಬ್‌ಸೈಟುಗಳನ್ನ ಓದಿ ಯಾರ ಹೆಸರು ಹೇಳುತ್ತೋ ಅವರಿಗೆ ಗಿರಾಕಿ. ಆ ಬಾಯಿಂದ ಹೆಸರು ಹೊರಡಿಸೋದು ನನ್ನ ವಿದ್ಯೆ. ಸುತ್ತ ನಾಲ್ಕು ತಾಲ್ಲೂಕಿನಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ. ನಂದಿ ಬೆಟ್ಟದ ಮೇಲೆ ನಿಂತು ನಾನೊಂದು ಸಲ ಕೆಮ್ಮಿದರೆ ಚಿಂತಾಮಣಿಯಲ್ಲಿ ವೆಬ್‌ಸೈಟು ಎದ್ದು ಕೂರುತ್ತೆ.

ಇದನ್ನ ಒಪ್ಪದವನು ಜಗತ್ತಿನಲ್ಲಿ ಒಬ್ಬನೇ. ನನ್ನ ಬಾಮೈದ. ತೊಂಡೇಬಾವಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸಂಕ್ರಾಂತಿಗೆ ಬಂದವನು ಎಳ್ಳುಬೆಲ್ಲ ಬಾಯಿಗೆ ಹಾಕ್ಕೊಂಡೇ ಕೆಟ್ಟ ಮಾತಾಡಿದ:

"ಊರಿಗೆಲ್ಲ ಹೆಸರು ಹೇಳಿಸ್ತೀರಲ್ಲ ಭಾವ, ಅದು ನಿಮ್ಮ ಹೆಸರು ಹೇಳುತ್ತಾ? ಯುಗಾದಿಗೆ ಬರ್ತೀನಿ, ಎಲ್ಲರ ಮುಂದೆ ಕೇಳಣ. ಹೇಳಿದ್ರೆ ಸರಿ. ಹೇಳಲಿಲ್ಲಾಂದ್ರೆ ಬೋರ್ಡು ಇಳಿಸಿ, ಬಂದು ನನ್ನ ಗಲ್ಲಾದಲ್ಲಿ ಕೂತ್ಕೊಳ್ಳಿ. ನನಗೂ ನಂಬಿಕಸ್ತರು ಬೇಕು."

ಬಾಮೈದನ ಕೈಕೆಳಗೆ ಯೂರಿಯಾ ಮೂಟೆಗಳ ನಡುವೆ ಕೂರೋದಾ? ಪಂಥ ಒಪ್ಪಿಕೊಂಡೆ. ಯುಗಾದಿ ಇನ್ನೂ ದೂರ ಇತ್ತು, ನನ್ನ ಹೆಸರಿಗೇನು ಕಡಿಮೆ ಅಂತ ಬೇರೆಯವರ ಕೆಲಸಕ್ಕೆ ಹೊರಟೆ.

ಯಾರನ್ನ ಕೇಳಿದ್ರೂ ಹೇಳ್ತಾರೆ

ಗೌರಿಬಿದನೂರಿನಲ್ಲಿ ಒಂದು ಮೆಸ್ಸು. ಕುಡುಮಲಕುಂಟೆ ಕಾರ್ಖಾನೆಗಳಿಗೆ ಹೊಸದಾಗಿ ಬರೋ ಹುಡುಗರು ತನ್ನ ಹತ್ತಿರವೇ ಊಟಕ್ಕೆ ಬರಬೇಕು ಅಂತ ಮಾಲೀಕನ ಆಸೆ. ಅವನ ವೆಬ್‌ಸೈಟು ತೆರೆದೆ. ಮುದ್ದೆ, ಸೊಪ್ಪಿನ ಸಾರು, ಫೋಟೊ ಎಲ್ಲಾ ಇದೆ. ವಿಳಾಸದ ಜಾಗದಲ್ಲಿ ಮಾತ್ರ, "ಬಸ್ ಸ್ಟ್ಯಾಂಡಿನಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ" ಅಂತ ಬರೆದಿದೆ!

"ಏನಪ್ಪ ಇದು? ರಸ್ತೆ, ಅಡ್ಡರಸ್ತೆ ಏನೂ ಬೇಡ್ವಾ?"

"ನಮ್ಮಪ್ಪನ ಕಾಲದಿಂದ ಇದೇ ವಿಳಾಸ ಸಾರ್. ಯಾರೂ ದಾರಿ ತಪ್ಪಿಲ್ಲ."

ಸರಿ ಅಂತ ಎಐಯನ್ನೇ ಕೇಳಿ ತೋರಿಸಿದೆ: ಗೌರಿಬಿದನೂರಿನಲ್ಲಿ ಮುದ್ದೆ ಊಟದ ಮೆಸ್ ಎಲ್ಲಿದೆ? ಅದು ಬಹಳ ಗಂಭೀರವಾಗಿ ಉತ್ತರ ಕೊಡ್ತು. "ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿ ಯಾರನ್ನಾದರೂ ಕೇಳಿ."

ನಾನು ಹೌಹಾರಿದೆ. ಮಾಲೀಕ ಮಾತ್ರ ತೊಡೆ ತಟ್ಟಿದ. "ನೋಡಿದ್ರಾ! ಮಿಷೀನಿಗೂ ಗೊತ್ತು!"

ಇದಕ್ಕೆ ಪರೀಕ್ಷೆಯೇ ದಾರಿ ಅಂತ ಅವನನ್ನ ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಹೋದೆ. ಕಡಲೆಕಾಯಿ ತಿನ್ನುತ್ತಾ ನಿಂತಿದ್ದ ಒಬ್ಬ ಯಜಮಾನರನ್ನ ಕೇಳಿದೆ, "ಸ್ವಾಮಿ, ಇಲ್ಲಿ ಮುದ್ದೆ ಊಟದ ಮೆಸ್ಸು ಎಲ್ಲಿದೆ?"

ಅವರು ಸಿಪ್ಪೆ ಉಗಿದು, ಕೈ ಒರೆಸಿಕೊಂಡು, ಜೇಬಿನಿಂದ ಫೋನ್ ತೆಗೆದು ಎಐಯನ್ನ ಕೇಳಿದರು. ಆಮೇಲೆ ಮುಖ ಎತ್ತಿ ನನ್ನನ್ನೇ ಕೇಳಿದರು:

"ನೀವು ಇದೇ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದೀರಲ್ಲ, ನಿಮಗೇನಾದ್ರೂ ಗೊತ್ತಾ?"

ಮುಗಿದುಹೋದ ಮದುವೆ

ಚಿಂತಾಮಣಿಯ ಛತ್ರದ ವೆಬ್‌ಸೈಟು ನೋಡಿದಾಗ ಎದೆ ಧಸಕ್ ಅಂತು, ಯಾಕಂದ್ರೆ ಎಲ್ಲೋ ನೋಡಿದ ಹಾಗಿತ್ತು. ನೋಡಿದ್ದೆ. ಛತ್ರದ ಪ್ರಾರಂಭೋತ್ಸವಕ್ಕೆ ನಾನೇ ಅಚ್ಚು ಹಾಕಿಕೊಟ್ಟ ಆಹ್ವಾನ ಪತ್ರಿಕೆಯನ್ನ ಅಕ್ಷರಕ್ಕಕ್ಷರ ಇಳಿಸಿದ್ದಾರೆ. ಮೇಲೆ ಗಣಪತಿ, ಕೆಳಗೆ "ತಮ್ಮ ಸುಖಾಗಮನ ಬಯಸುವವರು" ಅಂತ ದೊಡ್ಡಪ್ಪ, ಚಿಕ್ಕಪ್ಪ, ಅಳಿಯಂದಿರು, ಮೊಮ್ಮಕ್ಕಳು. ಹಾಲ್ ಎಷ್ಟು ದೊಡ್ಡದು, ರೂಮು ಎಷ್ಟು, ಗಾಡಿ ಎಲ್ಲಿ ನಿಲ್ಲಿಸಬೇಕು? ಒಂದಕ್ಷರ ಇಲ್ಲ.

ಎಐಗೆ "ಈ ಛತ್ರ ಮದುವೆಗೆ ಸಿಗುತ್ತಾ?" ಅಂತ ಹಾಕಿದೆ.

"ಈ ಸಮಾರಂಭ ಈಗಾಗಲೇ ಮುಗಿದಂತಿದೆ. ಕುಟುಂಬದವರಿಗೆ ಶುಭಾಶಯಗಳು" ಅಂತು!

ಛತ್ರದ ಯಜಮಾನರಿಗೆ ಓದಿ ಹೇಳಿದೆ. "ಪಾಪ, ಶುಭಾಶಯ ಹೇಳ್ತಲ್ಲ. ಒಳ್ಳೇ ಸಂಸ್ಕಾರ" ಅಂದರು.

"ಅಣ್ಣ, ಈ ಹೆಸರುಗಳನ್ನ ತೆಗೆದುಬಿಡಣ."

"ಅಯ್ಯಯ್ಯೋ! ದೊಡ್ಡಳಿಯ ಆಗಲೇ ಮುನಿಸಿಕೊಂಡಿದ್ದಾನೆ, ಚಿಕ್ಕಳಿಯನ ಹೆಸರು ಮೇಲೆ ಬಂತು ಅಂತ. ತೆಗೆದ್ರೆ ಮಗಳು ಮನೆಗೆ ಬಂದು ಕೂತ್ಕೋತಾಳೆ."

"ಹೋಗಲಿ, ಎಷ್ಟು ಜನ ಕೂರಬಹುದು, ಅದಾದರೂ ಹೇಳಿ."

ಅವರು ಎದೆಯುಬ್ಬಿಸಿ ತೆಲುಗಿನಲ್ಲಿ ಹೇಳಿದರು, "ಎಂತಮಂದಿ ವಸ್ತೇ ಅಂತಮಂದಿ!" ಅಂದರೆ, ಬಂದಷ್ಟು ಜನ.

ತಲೆ ಕೆರೆದುಕೊಂಡೆ. ಕೊನೆಗೆ ಹೆಸರುಗಳನ್ನ ಹಾಗೇ ಬಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಫೋನ್ ನಂಬರಿನ ಸಮೇತ ಅಂಟಿಸಿದೆ. ದೊಡ್ಡಳಿಯನ ಮುಂದೆ ಪಾರ್ಕಿಂಗು, ಚಿಕ್ಕಳಿಯನ ಮುಂದೆ ಅಡುಗೆಮನೆ, ಚಿಕ್ಕಪ್ಪನ ಮುಂದೆ ನೀರಿನ ವ್ಯವಸ್ಥೆ. ಮಾಹಿತಿಯೂ ಸೇರಿತು, ಮರ್ಯಾದೆಯೂ ಉಳಿಯಿತು. ಎಂಥ ತಲೆ ನೋಡಿ ನನ್ನದು!

ಮುಂದಿನ ವಾರ ದೊಡ್ಡಳಿಯನ ಫೋನು. ಕೆಂಡಾಮಂಡಲ. "ಏನ್ರೀ ಮಾಡಿದ್ರಿ? ನಾನು ಹೈಸ್ಕೂಲ್ ಮೇಷ್ಟ್ರು. ಯಾರ್ಯಾರೋ ಫೋನ್ ಮಾಡಿ, ಗಾಡಿ ಎಲ್ಲಿ ಹಾಕಣ ಅಣ್ಣಾ ಅಂತಾರೆ!"

ಕಾಫಿ ಆಯ್ತಾ?

ಶಿಡ್ಲಘಟ್ಟದಲ್ಲಿ ಒಂದು ಚಾಕಿ ಕೇಂದ್ರ. ರೇಷ್ಮೆ ಹುಳುವನ್ನ ಮೊಟ್ಟೆಯಿಂದ ಎಳೆ ಹುಳುವಾಗೋವರೆಗೆ ಸಾಕಿ ರೈತರಿಗೆ ಕೊಡೋ ಜಾಗ. ಇಲ್ಲಿ ನನ್ನ ವಿದ್ಯೆ ಪೂರ್ತಿ ಸುರಿದೆ. ಹೊಗಳಿಕೆ ಕಿತ್ತೆಸೆದು ನಿಜಾಂಶ ತುಂಬಿದೆ. ಯಾವ ತಳಿ, ಯಾವತ್ತು ಸಿಗುತ್ತೆ, ಮೊದಲೇ ಹೇಗೆ ಹೇಳಿಡಬೇಕು, ಎಲ್ಲಾ.

ಮಾಲೀಕರ ತಾಯಿ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು. ಮುಖ ಗಂಟು ಹಾಕಿದರು.

"ಎಲ್ಲಾ ಒಳ್ಳೇದೇ ಬರೆದುಬಿಟ್ಯಲ್ಲಪ್ಪ. ಹುಳುಗೆ ದೃಷ್ಟಿ ಆಗಲ್ವಾ? ಮಗೂಗೆ ಕೆನ್ನೆಗೆ ಒಂದು ಬೊಟ್ಟಿಡಲ್ವಾ? ಹಂಗೆ ಒಂದು ಮಾತು ಕೆಟ್ಟದ್ದು ಬರಿ."

"ಅಮ್ಮ, ವೆಬ್‌ಸೈಟಿಗೆ ದೃಷ್ಟಿಬೊಟ್ಟು ಯಾರಾದ್ರೂ ಇಡ್ತಾರಾ?"

"ಹೊಸ ಮನೆಗೆ ಕುಂಬಳಕಾಯಿ ಕಟ್ತಾರೆ. ಲಾರಿಗೆ ಹಳೇ ಚಪ್ಪಲಿ ಕಟ್ತಾರೆ. ಇದಕ್ಕೇನು ಕೊಂಬಿದೆಯಾ?"

ಬೊಟ್ಟಿಡೋದೇ ಸರಿ, ಆದರೆ ಎಲ್ಲಿ? ಹುಳುವಿನ ಬಗ್ಗೆ ಕೆಟ್ಟದ್ದು ಬರೆದರೆ ವ್ಯಾಪಾರ ಹೋಗುತ್ತೆ. ಅಮ್ಮನೇ ಹೇಳಿಕೊಟ್ಟರು, "ನನ್ನ ಮಗನಿಗೆ ಕೋಪ ಜಾಸ್ತಿ ಅಂತ ಬರಿ. ಕಾಫಿ ಕುಡಿಯೋವರೆಗೂ ಮನುಷ್ಯನೇ ಅಲ್ಲ ಅವನು." ಮಗ ಹೊರಗೆ ಹೋಗಿದ್ದ. ಕಣ್ಣಿಗೆ ಬೀಳದ ಮೂಲೆಯಲ್ಲಿ ಬರೆದೆ.

ಅಷ್ಟೆಲ್ಲ ನಿಜಾಂಶ ತುಂಬಿದ ಪುಟದಲ್ಲಿ ಎಐ ಕಚ್ಚಿಕೊಂಡಿದ್ದು ಆ ಮೂಲೆಯನ್ನೇ! "ಶಿಡ್ಲಘಟ್ಟದ ಈ ಕೇಂದ್ರದಲ್ಲಿ ಹುಳುಗಳು ಚೆನ್ನಾಗಿವೆ. ಮಾಲೀಕರಿಗೆ ಕೋಪ ಹೆಚ್ಚು. ಅವರ ಕಾಫಿ ಆದ ನಂತರ ಹೋಗುವುದು ಒಳ್ಳೆಯದು."

ಬೆಳಗ್ಗೆ ಮಾಲೀಕರು ಬಾಗಿಲು ತೆಗೆದರೆ ಗೇಟಿನಾಚೆ ರೈತರು ಸಾಲಾಗಿ ಕೂತಿದ್ದಾರೆ. ಒಬ್ಬರೂ ಒಳಗೆ ಬರ್ತಿಲ್ಲ.

"ಯಾಕ್ರೋ ಅಲ್ಲೇ ಕೂತಿದ್ದೀರಾ?" ಅಂತ ಗುಡುಗಿದರು.

ಮುಂದಿದ್ದ ರೈತ ಹಿಂದಿನವರ ಕಡೆ ತಿರುಗಿ ಮೆಲ್ಲಗೆ ಹೇಳಿದನಂತೆ, "ಇನ್ನೂ ಆಗಿಲ್ಲ ಕಣ್ರೋ."

ಯುಗಾದಿ ಬಂತು

ಹಬ್ಬ ಹತ್ತಿರ ಬಂದಾಗ, ಸುಮ್ಮನೆ ಖುಷಿಗೆ ಅಂತ ನನ್ನ ಫೋನಿನಲ್ಲೇ ಕೇಳಿ ನೋಡಿದೆ: ಚಿಕ್ಕಬಳ್ಳಾಪುರದಲ್ಲಿ ವೆಬ್‌ಸೈಟು ತಪಾಸಣೆ ಮಾಡೋರು ಯಾರು?

"ಅಂಥವರು ಯಾರೂ ಕಾಣಿಸಲಿಲ್ಲ."

ನಿಂತ ನೆಲ ಬಾಯಿಬಿಟ್ಟ ಹಾಗಾಯ್ತು. ಮೂಗಿಗೆ ಯೂರಿಯಾ ವಾಸನೆ ಬಡಿಯಿತು. ಓಡಿ ನನ್ನ ವೆಬ್‌ಸೈಟು ತೆಗೆದು ನೋಡಿದರೆ, ಊರಿಗೆಲ್ಲ ಯಾವುದನ್ನ ಬರೀಬೇಡಿ ಅಂತ ಬುದ್ಧಿ ಹೇಳ್ತೀನೋ ಅದೇ ಪುಟದ ತುಂಬ. "ಏಷ್ಯಾ ಖಂಡದ ಹೆಮ್ಮೆ." "ನಡೆದಾಡುವ ವಿಶ್ವಕೋಶ." ಏನು ಕೆಲಸ ಮಾಡ್ತೀನಿ ಅನ್ನೋದು ಎಲ್ಲೂ ಇಲ್ಲ. ಊರಿನ ಹೆಸರೂ ಇಲ್ಲ. ನನ್ನ ಊರು ಯಾವುದು ಅಂತ ಲೋಕಕ್ಕೇ ಗೊತ್ತಲ್ಲ ಅಂದುಕೊಂಡಿದ್ದೆ.

ಹೆಂಡತಿ ನನ್ನ ಮುಖ ನೋಡಿದಳು. ಪತ್ರಿಕೆ ಅಚ್ಚು ಹಾಕುವ ಕಾಲದಲ್ಲಿ ಕರಡು ತಿದ್ದುತ್ತಿದ್ದವಳು ಅವಳೇ. ಎಷ್ಟೋ ಮದುವೆಗಳಲ್ಲಿ ವರನ ಜಾಗಕ್ಕೆ ಮಾವನ ಹೆಸರು ಬೀಳದಂತೆ ತಡೆದವಳು.

"ರೀ, ಏಳಿ ಅಲ್ಲಿಂದ. ನಾನು ಬರೀತೀನಿ. ನೀವು ನೋಡಬೇಡಿ."

ನೋಡಲಿಲ್ಲ. ನೋಡೋ ಧೈರ್ಯವೂ ಇರಲಿಲ್ಲ.

ಯುಗಾದಿ ದಿನ ಹೋಳಿಗೆ ಊಟ ಮುಗಿಸಿ, ಬಾಮೈದ ಮನೆಮಂದಿಯನ್ನೆಲ್ಲ ಸುತ್ತ ಕೂರಿಸಿಕೊಂಡು ಫೋನ್ ಹಿಡಿದ. ಅದೇ ಪ್ರಶ್ನೆ ಕೇಳಿದ.

ಫೋನು ಮಾತಾಡಿತು. ನನ್ನ ಹೆಸರು! ಇನಿಷಿಯಲ್ ಸಮೇತ! "ಚಿಕ್ಕಬಳ್ಳಾಪುರದಲ್ಲಿ ಈ ಕೆಲಸಕ್ಕೆ ಇವರು ಸಿಗುತ್ತಾರೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಕ್ಕೂ ಬರುತ್ತಾರೆ. ಕೆಲಸ ಅಚ್ಚುಕಟ್ಟು."

ಎದ್ದು ನಿಂತು ಪಂಚೆ ಮೇಲಕ್ಕೆ ಕಟ್ಟಿದೆ. ಬಾಮೈದನ ಮುಖ ಬೇವು ಜಾಸ್ತಿಯಾದ ಹಾಗಾಯ್ತು. ಆದರೆ ಫೋನಿನದ್ದು ಇನ್ನೂ ಮುಗಿದಿರಲಿಲ್ಲ.

"ಆದರೆ ಇವರು ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬಿ ಎಂದು ಇವರ ಪತ್ನಿ ತಿಳಿಸಿದ್ದಾರೆ."

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ತಣ್ಣಗೆ ಹೇಳಿದಳು, "ದೃಷ್ಟಿಬೊಟ್ಟು ರೀ. ಎಲ್ಲಾ ಒಳ್ಳೇದೇ ಬರೆದ್ರೆ ನಿಮಗೆ ದೃಷ್ಟಿ ಆಗಲ್ವಾ?"

ಬಾಮೈದ ಬಿದ್ದು ಬಿದ್ದು ನಕ್ಕ. ಕಣ್ಣೊರೆಸಿಕೊಂಡು, "ಸೋತೆ ಭಾವ. ಬೋರ್ಡು ಇರಲಿ. ಇದು ನಿಜವಾಗ್ಲೂ ಬುದ್ಧಿವಂತ ಮಿಷೀನು" ಅಂದ. ಅಷ್ಟಕ್ಕೇ ಬಿಡದೆ ಫೋನನ್ನ ಮತ್ತೆ ಕೇಳಿದ, "ಯಾವ ಅರ್ಧ ನಂಬಬೇಕು?"

"ಅದಕ್ಕೆ ಅವರ ಪತ್ನಿಯನ್ನೇ ವಿಚಾರಿಸಿ."

ಗೊಬ್ಬರದ ಅಂಗಡಿ ತಪ್ಪಿತು. ಈಗ ನಾಲ್ಕು ತಾಲ್ಲೂಕಿನಿಂದಲೂ ಫೋನು ಬರುತ್ತೆ. ನಾನು ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಏಷ್ಯಾ ಖಂಡ ಅಂತ ಶುರು ಮಾಡೋಷ್ಟರಲ್ಲಿ ಆ ಕಡೆಯಿಂದ ಒಂದೇ ಮಾತು:

"ಸಾರ್, ಫೋನು ಸ್ವಲ್ಪ ಮೇಡಂಗೆ ಕೊಡ್ತೀರಾ?"