ಮರದ ಬೈಕಿನ ಕೆಳಗೆ ಒಂದು ಮಧ್ಯಾಹ್ನ

ನಮ್ಮ ಮುತ್ತಜ್ಜ ಕೆಸರಿನಲ್ಲಿ ಹೂತಿದ್ದ ಕುದುರೆಯನ್ನು ಒಬ್ಬರೇ ಎತ್ತಿ ದಡದ ಮೇಲೆ ನಿಲ್ಲಿಸಿದವರು. ಅದೇನು ಸವಾರಿಯ ತೆಳ್ಳನೆಯ ಕುದುರೆಯಲ್ಲ, ಇಟ್ಟಿಗೆ ಗಾಡಿ ಎಳೆಯುವ ಕುದುರೆ! ನಮ್ಮ ಅಜ್ಜ ಗಿರಣಿಯ ಕಲ್ಲನ್ನು ಒಬ್ಬರೇ ಉರುಳಿಸಿಕೊಂಡು ಎರಡು ಬೀದಿ ದಾಟಿಸಿದವರು. ನಮ್ಮ ಅಪ್ಪ ಮೂರು ಬಾಗಿಲಿನ ಬೀರುವನ್ನು ಬೆನ್ನ ಮೇಲೆ ಹೊತ್ತು ನಾಲ್ಕನೆಯ ಮಹಡಿಗೆ ಏರಿಸಿ, ಕಟ್ಟಡ ತಪ್ಪಿತೆಂದು ಗೊತ್ತಾದ ಮೇಲೆ ಅದೇ ಉಸಿರಿನಲ್ಲಿ ಇಳಿಸಿ, ಪಕ್ಕದ ಕಟ್ಟಡದ ನಾಲ್ಕನೆಯ ಮಹಡಿಗೆ ಏರಿಸಿದವರು. ಈ ಮೂವರಲ್ಲಿ ಒಬ್ಬರೂ ಯಾರ ಮುಂದೆಯೂ ‘ಸ್ವಲ್ಪ ಕೈ ಹಾಕಪ್ಪ’ ಅಂದವರಲ್ಲ. ಹುಲಿಯ ಹೊಟ್ಟೆಯಲ್ಲಿ ಇಲಿ ಹುಟ್ಟುತ್ತದೆಯೇ? ಆ ವಂಶದ ಕುಡಿ ನಾನು.

ಕಸುಬಿನಲ್ಲಿ ಬಡಗಿ. ಗುರು ಅಂತ ಯಾರೂ ಇಲ್ಲ. ಹನ್ನೆರಡರ ವಯಸ್ಸಿನಲ್ಲಿ ಯಾರೋ ಬೀದಿಗೆ ಎಸೆದ ಕುರ್ಚಿಯನ್ನು ತಂದು ಬಿಚ್ಚಿದೆ, ಮತ್ತೆ ಜೋಡಿಸಿದೆ. ಜೋಡಿಸಿದ ಮೇಲೆ ಒಂದು ಕಾಲು ಮಿಕ್ಕಿತು. ಆ ಮಿಕ್ಕ ಕಾಲೇ ನನ್ನ ಗುರು. ಅವತ್ತಿನಿಂದ ಒಂದು ಕಟ್ಟಳೆ ಇಟ್ಟುಕೊಂಡಿದ್ದೇನೆ: ಯಾವುದನ್ನೇ ಆಗಲಿ, ಮೊದಲು ಮಾದರಿ ಮಾಡಿ ನೋಡಬೇಕು, ಆಮೇಲೆ ಅಸಲಿಗೆ ಕೈ ಹಚ್ಚಬೇಕು. ಐವತ್ತು ವರ್ಷ ಈ ಕಟ್ಟಳೆ ನನ್ನ ಮಾನ ಕಾಪಾಡಿತು. ಐವತ್ತೊಂದನೆಯ ವರ್ಷ ಏನು ಮಾಡಿತು ಎಂಬುದೇ ಈ ಕಥೆ.

ಅರವತ್ತಮೂರನೆಯ ವಯಸ್ಸಿನಲ್ಲಿ ನಾನು ಕ್ರೂಸರ್ ಬೈಕು ಕೊಳ್ಳುತ್ತೇನೆಂದು ಘೋಷಿಸಿದೆ. ಸೊಂಟ ಬಗ್ಗಿಸದೆ, ಕಾಲು ಮುಂದಕ್ಕೆ ಚಾಚಿ, ಸಿಂಹಾಸನದಲ್ಲಿ ಕೂತಂತೆ ಕೂತು ಓಡಿಸುವ ಬೈಕು ಅದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಅಂತ ಗಾದೆ ಕಟ್ಟಿದವರು ಇದನ್ನು ನೋಡಿರಲಿಲ್ಲ.

ಇದರ ಹಿಂದೆ ಒಂದು ಕಾರಣವಿತ್ತು. ನಮ್ಮನೆಯವಳ ಅಕ್ಕನ ಊರಿಗೆ ಹೋಗುವ ಬಸ್ಸು ಸಮುದ್ರದ ದಂಡೆಯ ಮೇಲೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಬಂಡೆಗಳ ನಡುವೆ ಒಂದು ಹಿಡಿಯಷ್ಟು ಮರಳು, ಅದರಾಚೆ ನೀರೇ ನೀರು. ಅಲ್ಲಿ ನಿಲ್ದಾಣವಿಲ್ಲ. ಮೂವತ್ತು ವರ್ಷದಿಂದ ಆ ತಿರುವಿನಲ್ಲಿ ಇವಳು ಕಿಟಕಿಗೆ ಹಣೆ ಒತ್ತಿ, "ಇಲ್ಲೊಂದು ಸಲ ಇಳೀಬೇಕು ರೀ" ಅಂದಿದ್ದಾಳೆ. ಮೂವತ್ತು ವರ್ಷವೂ ನಾನು "ಹೂಂ, ಇಳಿಯೋಣ" ಅಂದಿದ್ದೇನೆ. ಮಾತು ಕೊಡುವುದಕ್ಕೆ ಖರ್ಚಿಲ್ಲ ನೋಡಿ.

ಬೈಕಿಗೆ ಖರ್ಚಿದೆ. ಕೂಡಿಟ್ಟ ಹಣದಲ್ಲಿ ಅರ್ಧ ಇವಳದು. ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದಾದಿಯಾಗಿ ದುಡಿದವಳು. ಆದ್ದರಿಂದ ಬೈಕಿನ ಆಯ್ಕೆಗೆ ಮನೆಯಲ್ಲೇ ಒಂದು ಸಮಿತಿ ಏರ್ಪಟ್ಟಿತು. ಎದುರುಮನೆಯ ಮೆಕ್ಯಾನಿಕ್ ತಾಂತ್ರಿಕ ಸಲಹೆಗಾರ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಭಾಮೈದ, ಅಂದರೆ ಇವಳ ತಮ್ಮ, ಆರ್ಥಿಕ ಸಲಹೆಗಾರ. ಅಧ್ಯಕ್ಷ ನಾನು. ಅಧ್ಯಕ್ಷರಿಗೆ ಮಾತಾಡಲು ಅವಕಾಶ ಸಿಕ್ಕಿದ್ದು ಕಡಿಮೆ.

ಅಂಗಡಿಯಲ್ಲಿ ನನ್ನ ಕಣ್ಣು ಬಿದ್ದದ್ದು ಎಮ್ಮೆಯಷ್ಟು ಅಗಲದ ಕಪ್ಪು ಬೈಕಿನ ಮೇಲೆ. ಮೆಕ್ಯಾನಿಕ್ ನನ್ನ ತೋಳು ಹಿಡಿದು ಎಳೆದ. ಹೊಸದಾಗಿ ಕಲಿಯುವವರಿಗೆ ದೊಡ್ಡ ಎಂಜಿನ್ನು ಬೇಡ, ಕ್ಲಚ್ಚು ಹಗುರವಾಗಿರಬೇಕು, ಕೂತಾಗ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ಊರಬೇಕು ಅಂದ. ಅಂಗಾಲಿನ ಮಾತು ಬಂದ ಕೂಡಲೇ ನಾನು ಜೇಬಿನಿಂದ ಟೇಪು ತೆಗೆದೆ. ಅಂಗಡಿಯ ಪ್ರತಿ ಬೈಕಿನ ಸೀಟಿನ ಎತ್ತರ ಅಳೆದೆ, ನನ್ನ ಕಾಲನ್ನೂ ಅಳೆದೆ. ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟಿ, ಹಲಸಿನ ಹಲಗೆಯ ನಾದ ಕೇಳುವಂತೆ ಕಿವಿ ಕೊಟ್ಟೆ. ಮಾರುವ ಹೆಂಗಸು ಇವಳ ಕಡೆ ಕರುಣೆಯಿಂದ ನೋಡಿದಳು. ಕೊನೆಗೆ ಇಪ್ಪತ್ತೇಳು ಇಂಚು ಎತ್ತರದ, ನೂರ ಅರವತ್ತೈದು ಕಿಲೋ ತೂಕದ, ಚಿಕ್ಕ ಎಂಜಿನ್ನಿನ ಕೆಂಪು ಬೈಕು ನಮ್ಮೆಲ್ಲರ ಮನಸ್ಸಿಗೆ ಬಂತು.

"ತೂಕ ಅಷ್ಟಿದ್ರೂ ಭಯ ಬೇಡ ಯಜಮಾನ್ರೇ, ಭಾರವೆಲ್ಲ ಕೆಳಗಿರುತ್ತೆ. ಅದಕ್ಕೇ ಹೊಸಬರ ಮಾತು ಕೇಳುತ್ತೆ" ಅಂದ ಮೆಕ್ಯಾನಿಕ್. ನಾನು ಆಗ ಹಿಂದಿನ ಚಕ್ರ ಅಳೆಯುತ್ತಿದ್ದೆ. ಈ ಮಾತು ಒಂದು ಕಿವಿಯಲ್ಲಿ ಬಂತು. ಇನ್ನೊಂದು ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿದ್ದೆನಾದರೂ ಹೊರಗೆ ಹೋಗಲು ಅದಕ್ಕೇನೂ ಅಡ್ಡಿಯಾಗಲಿಲ್ಲ.

ಮನೆಗೆ ಬಂದು ಹಲಗೆಯ ಮೇಲೆ ಲೆಕ್ಕ ಬರೆದೆ. ನಾನು ಕಾಗದದ ಮೇಲೆ ಬರೆಯುವವನಲ್ಲ, ಕಾಗದ ಕಳೆದುಹೋಗುತ್ತದೆ. ಬೈಕಿನ ಬೆಲೆ ಅಂತ ಒಂದು ಸಾಲು ಬರೆದು, ಕೆಳಗೆ ಗೆರೆ ಎಳೆದು, ಪೆನ್ಸಿಲ್ಲು ಕೆಳಗಿಟ್ಟೆ. ಭಾಮೈದ ಆ ಪೆನ್ಸಿಲ್ಲನ್ನು ಎತ್ತಿಕೊಂಡ. ವಿಮೆ, ನೋಂದಣಿ, ಪೆಟ್ರೋಲು, ವರ್ಷಕ್ಕೆರಡು ಸರ್ವೀಸು, ಎಂಜಿನ್ ಆಯಿಲ್ಲು, ಚೈನು, ಬ್ರೇಕಿನ ಪ್ಯಾಡು, ಮೂರು ವರ್ಷಕ್ಕೊಮ್ಮೆ ಟೈರು, ಇಬ್ಬರಿಗೂ ಹೆಲ್ಮೆಟ್ಟು. ಹಲಗೆ ತುಂಬಿತು. ಆನೆ ಕೊಂಡವನಿಗೆ ಕಬ್ಬಿನ ತೋಟವೂ ಬೇಕಲ್ಲ ಅನ್ನಿಸಿತು. ಆದರೂ ಐದು ವರ್ಷದ ಬಸ್ಸಿನ ಟಿಕೆಟ್ಟು, ಆಟೋದ ಬಾಡಿಗೆ ಎಲ್ಲ ಪಕ್ಕಕ್ಕಿಟ್ಟು ತೂಗಿದರೆ ಕೈ ಕಚ್ಚುವುದಿಲ್ಲ ಅಂತ ಅವನೇ ಒಪ್ಪಿದ.

ಎಲ್ಲ ಮುಗಿಯಿತು ಅಂದುಕೊಂಡಾಗ ಇವಳು ಹಲಗೆಯ ತುದಿಯಲ್ಲಿ ಒಂದು ಸಾಲು ಬರೆದಳು: ‘ಬಿದ್ದರೆ?’

"ಬಿದ್ದರೆ ಎತ್ತೋದು" ಅಂದೆ.

"ಯಾರು?"

"ನಾನು. ಇನ್ಯಾರು?"

"ಸರಿ. ಆ ದಂಡೆ ರಸ್ತೇಲಿ ನಿಮಗೆ ಯಾರು ಸಿಗ್ತಾರೆ ಕೈ ಹಾಕೋಕೆ? ಕೆಳಗೆ ಬಿದ್ದ ಬೈಕನ್ನ ಒಬ್ಬರೇ ಎತ್ತಿ ನಿಲ್ಲಿಸಿ ತೋರಿಸಿ, ನನ್ನ ಅರ್ಧ ಹಣ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಬಸ್ಸು ಇದ್ದೇ ಇದೆ."

ಇವಳು ಕೇಳಿದ್ದು ನನ್ನನ್ನಲ್ಲ, ನನ್ನ ಮುತ್ತಜ್ಜನನ್ನು! ಇನ್ನು ಎಂಟು ದಿನಕ್ಕೆ ಅಂಗಡಿಯ ಹಿಂದಿನ ಅಂಗಳದಲ್ಲಿ ಪರೀಕ್ಷೆ ಅಂತ ನಿಶ್ಚಯವಾಯಿತು. ನಾನು ಆ ಹೊತ್ತೇ ನನ್ನ ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೊದಲು ಮಾದರಿ, ಆಮೇಲೆ ಅಸಲಿ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದರು ಅನ್ನುತ್ತಾರೆ. ನಾನು ಕೂಸನ್ನೇ ಕೆತ್ತಿದೆ. ಹಳೆಯ ಮಂಚದ ಪಟ್ಟಿಗಳಿಂದ ಮೈ, ಎರಡು ದುಂಡು ಮೇಜಿನ ಹಲಗೆಗಳಿಂದ ಚಕ್ರ, ತೊಟ್ಟಿಲಿನ ಹಿಡಿಯಿಂದ ಹ್ಯಾಂಡಲ್ಲು, ಹಳೆಯ ಪೀಪಾಯಿಯಿಂದ ಟ್ಯಾಂಕು. ಸೀಟಿನ ಎತ್ತರ ಇಪ್ಪತ್ತೇಳು ಇಂಚು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಆರನೆಯ ದಿನ ತೂಕ ಹಾಕಿದಾಗ ಬರೀ ಅರವತ್ತು ಕಿಲೋ ಬಂತು. ಉಳಿದದ್ದಕ್ಕೆ ಮರಳು ಬೇಕು. ಎಲ್ಲಿ ತುಂಬುವುದು? ಪೀಪಾಯಿ ಬಾಯಿ ತೆರೆದುಕೊಂಡು ಕೂತಿತ್ತು. ನೂರೈದು ಕಿಲೋ ಮರಳನ್ನೂ ಅದರ ಹೊಟ್ಟೆಗೇ ಸುರಿದು ಬಿರಡೆ ಬಡಿದೆ. ಭಾರವೆಲ್ಲ ಕೆಳಗಿರುತ್ತದೆ ಎಂದ ಮೆಕ್ಯಾನಿಕ್ಕನ ಮಾತು ಆಗಲಾದರೂ ನೆನಪಿಗೆ ಬರಬೇಕಿತ್ತು. ಬರಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಅದರ ಊರುಗೋಲು ತೆಗೆದು, ಕಾಲು ಹಾಕಿ ಕೂತೆ. ಎರಡೂ ಅಂಗಾಲು ನೆಲಕ್ಕೆ ಊರಿದವು. ದಂಡೆಯ ರಸ್ತೆಯಲ್ಲಿ ಗಾಳಿ ಬೀಸುತ್ತಿದೆ, ಹಿಂದೆ ಇವಳು ಕೂತಿದ್ದಾಳೆ, ಇದೋ ಆ ತಿರುವು ಬಂತು ಎಂದುಕೊಂಡು ಹ್ಯಾಂಡಲ್ಲನ್ನು ಒಂದಿಷ್ಟು ಎಡಕ್ಕೆ ವಾಲಿಸಿದೆ. ಅಷ್ಟೇ. ಪೀಪಾಯಿಯ ಮರಳೆಲ್ಲ ಎಡಕ್ಕೆ ಜಾರಿತು. ಪೀಪಾಯಿಯ ಹಿಂದೆ ಬೈಕು, ಬೈಕಿನ ಹಿಂದೆ ನಾನು.

ಕಣ್ಣು ಬಿಟ್ಟು ನೋಡಿದರೆ ಮೈಗೆ ಏನೂ ಆಗಿಲ್ಲ. ನಾನು ನೆಲದ ಮೇಲೆ ಅಂಗಾತ, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬೈಕು. ಪ್ಯಾಂಟಿನ ಎಡಗಾಲು ಪೀಪಾಯಿಯ ಅಡಿಗೆ ಸಿಕ್ಕಿಕೊಂಡಿದೆ. ಹಿಂದಿನ ಚಕ್ರ ಒಳಕ್ಕೆ ತೆರೆಯುವ ಬಾಗಿಲಿಗೆ ಅಗುಳಿಯಂತೆ ಒರಗಿದೆ. ಬಿರಡೆ ಕೀಳಬಹುದಿತ್ತು, ಆದರೆ ಮರಳು ಚೆಲ್ಲಿ ಎತ್ತಿದರೆ ಅದು ಎತ್ತಿದಂತಾಗುತ್ತದೆಯೇ? ಮೂರು ಸಲ ತಳ್ಳಿದೆ. ಬೈಕು ಜಗ್ಗಲಿಲ್ಲ. ಪ್ಯಾಂಟು ಸ್ವಲ್ಪ ಹರಿಯಿತು.

ಅಷ್ಟರಲ್ಲಿ ಇವಳು ಊಟಕ್ಕೆ ಕರೆದಳು. ಕೆಲಸದಲ್ಲಿದ್ದೇನೆ ಅಂದೆ. ಅರ್ಧ ಗಂಟೆಯ ಮೇಲೆ ಮತ್ತೆ ಕರೆದಳು. ತಳಭಾಗ ಪರೀಕ್ಷಿಸುತ್ತಿದ್ದೇನೆ ಅಂದೆ. ಸುಳ್ಳಲ್ಲ, ಕಣ್ಣೆದುರು ಅದೊಂದೇ ಇತ್ತು. ಮೂರನೆಯ ಸಲ ಭಾಮೈದನ ದನಿ ಕೇಳಿಸಿತು. ವಿಮೆಯ ಅರ್ಜಿ ತಂದಿದ್ದ. ಬಾಗಿಲು ತೆರೆಯದಿದ್ದಾಗ ಕಿಟಕಿಯ ಹತ್ತಿರ ಬಂದು ಇಣುಕಿದ.

"ಭಾವ, ಮಲಗಿದ್ದೀರಾ?"

"ವಿಶ್ರಾಂತಿ. ಏನು ಬೇಕಿತ್ತು ಕೇಳು."

ಅವನೂ ಸರ್ಕಾರಿ ಶ್ರದ್ಧೆಯ ಮನುಷ್ಯ. ಕಿಟಕಿಯ ಕಟ್ಟೆಯ ಮೇಲೆ ಅರ್ಜಿ ಹರಡಿ ಒಂದೊಂದೇ ಕೇಳತೊಡಗಿದ. ವಯಸ್ಸು ಹೇಳಿದೆ. ಕಣ್ಣಿನ ದೋಷ ಇಲ್ಲವೆಂದೆ. ಮೂಳೆ ಮುರಿದದ್ದು ಇಲ್ಲವೆಂದೆ.

"ಈ ಹಿಂದೆ ಬೈಕಿಂದ ಅಪಘಾತ ಏನಾದ್ರೂ?"

"ಇಲ್ಲ."

"ಈಗ, ಭಾವ?"

"ಅದು ಬೈಕಲ್ಲ ಕಣೋ, ಮಂಚ" ಅಂದೆ.

ಅವನು ಅರ್ಜಿಯ ಹಾಳೆ ತಿರುವಿ ನೋಡಿ, ಮರದ ಬೈಕಿಗೆ ತಮ್ಮ ಕಚೇರಿಯಲ್ಲಿ ಬೇರೆ ಕಲಂ ಇಲ್ಲವೆಂದು ಹೇಳಿ ಅಕ್ಕನನ್ನು ಕರೆದ. ಇವಳ ಹಿಂದೆ ಮೆಕ್ಯಾನಿಕ್ಕನೂ ಬಂದ. ಕಿಟಕಿಯಲ್ಲಿ ಮೂರು ತಲೆಗಳು, ಆಯ್ಕೆ ಸಮಿತಿಯ ಪೂರ್ಣ ಸಭೆ! ಮೆಕ್ಯಾನಿಕ್ ಪೀಪಾಯಿಯನ್ನು ನೋಡಿ ಹಣೆ ಹಣೆ ಚಚ್ಚಿಕೊಂಡ. ಕಿಟಕಿಯಿಂದ ಇಳಿದು ಎತ್ತಿಕೊಡಲೇ ಅಂತ ಕೇಳಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು.

"ಯಾರೂ ಕೈ ಹಾಕ್ಬೇಡಿ. ನಮ್ಮ ಮುತ್ತಜ್ಜ ಕುದುರೆ ಎತ್ತಿದವರು" ಅಂದೆ.

ಇವಳು ಸಮಾಧಾನವಾಗಿಯೇ ಹೇಳಿದಳು: "ಎತ್ತಿದ್ರು, ಸರಿ. ಆಮೇಲೆ ಆರು ತಿಂಗಳು ಅವರನ್ನ ಹಾಸಿಗೆಯಿಂದ ಎತ್ತಿದ್ದು ಯಾರು? ನಿಮ್ಮ ಮುತ್ತಜ್ಜಿ. ನಿಮ್ಮ ಅಜ್ಜನನ್ನ ಎತ್ತಿದ್ದು ನಿಮ್ಮ ಅಜ್ಜಿ. ಬೀರು ಹೊತ್ತ ಮೇಲೆ ನಿಮ್ಮ ಅಪ್ಪನನ್ನ ನಾನೇ ವಾರ್ಡಿನಲ್ಲಿ ಎತ್ತಿದ್ದೀನಿ. ಅಲ್ಲೇ ಅಲ್ವಾ ನೀವು ನನ್ನನ್ನ ಮೊದಲು ನೋಡಿದ್ದು?"

ಇವಳು ಸೆರಗು ಸಿಕ್ಕಿಸಿ, ತಮ್ಮನ ಹೆಗಲು ಹಿಡಿದು ಕಿಟಕಿ ಹತ್ತಿ ಒಳಗಿಳಿದಳು. ಬೈಕಿಗೆ ಬೆನ್ನು ಮಾಡಿ ಕುಕ್ಕರಿಸಿದಳು. ಒಂದು ಕೈ ಹ್ಯಾಂಡಲ್ಲಿನ ತುದಿಗೆ, ಇನ್ನೊಂದು ಸೀಟಿನ ಅಡಿಗೆ. ಸೀಟಿಗೆ ಸೊಂಟ ಒತ್ತಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆದಳು. ನೂರ ಅರವತ್ತೈದು ಕಿಲೋ, ಜ್ವರ ಬಿಟ್ಟ ರೋಗಿ ಎದ್ದು ಕೂರುವಂತೆ ಎದ್ದು ನಿಂತಿತು!

"ತೋಳಿಂದ ಎತ್ತಿದ್ರೆ ಸೊಂಟ ಹೋಗುತ್ತೆ. ಕಾಲಿಂದ ಏಳ್ಬೇಕು" ಅಂದಳು. ಉಸಿರೂ ಏರಿರಲಿಲ್ಲ.

ಮರುದಿನ ಅಂಗಡಿಯ ಹಿಂದಿನ ಅಂಗಳದಲ್ಲಿ ಕೆಂಪು ಬೈಕನ್ನು ಹಳೆಯ ಹಾಸಿಗೆಯ ಮೇಲೆ ಮಲಗಿಸಿದರು. ಮೊದಲ ಸರದಿ ನನ್ನದು. ಇವಳು ಕಲಿಸಿದ ಹಾಗೆ ಮಾಡಿದ್ದರೆ ಆಗುತ್ತಿತ್ತೋ ಏನೋ. ನಾನು ಮುತ್ತಜ್ಜ ಮಾಡಿದ ಹಾಗೆ ಮಾಡಿದೆ. ಬೈಕು ಒಂದು ಗೇಣು ಎದ್ದು, ಮನಸ್ಸು ಬದಲಾಯಿಸಿ ಮತ್ತೆ ಮಲಗಿತು. ಇವಳು ಬಂದು ಬೆನ್ನು ಕೊಟ್ಟು ನಿಲ್ಲಿಸಿದಳು. ಷರತ್ತು ಏನಿತ್ತು? ಒಬ್ಬರೇ ಎತ್ತಬೇಕು. ಎತ್ತಿದವರು ಯಾರು ಅಂತ ಅಂಗಡಿಯವರೆಲ್ಲ ನೋಡಿದರು. ನೋಂದಣಿ ಇವಳ ಹೆಸರಿನಲ್ಲಾಯಿತು. ಹಣ ಮಾತ್ರ ಅರ್ಧ ನನ್ನದೇ ಹೋಯಿತು.

ಎರಡು ತಿಂಗಳು ಮೆಕ್ಯಾನಿಕ್ ಇಬ್ಬರಿಗೂ ಕಲಿಸಿದ. ಲೈಸೆನ್ಸಿನ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಓಡಿಸಿ ತೋರಿಸಬೇಕು. ಇವಳು ಎಂಟು ಬರೆದಳು. ನಾನು ಸೊನ್ನೆ ಬರೆದು, ಅದರ ಬಾಲ ಹಿಡಿದು ನೇರ ಬೇಲಿಗೆ ಹೋದೆ. ಮುಂದಿನ ತಿಂಗಳು ಮತ್ತೆ ಕೂರುತ್ತೇನೆ, ಅದು ಬೇರೆ ಮಾತು.

ಮೊನ್ನೆ ಭಾನುವಾರ ದಂಡೆಯ ರಸ್ತೆಯಲ್ಲಿ ಹೋದೆವು. ಇವಳು ಮುಂದೆ, ನಾನು ಹಿಂದೆ. ಆ ತಿರುವು ಬಂತು. ಇವಳು ವೇಗ ತಗ್ಗಿಸಿ, ಅಂಚಿಗೆ ತಂದು, ಎರಡೂ ಅಂಗಾಲು ಊರಿ ನಿಲ್ಲಿಸಿದಳು. ಇಳಿದೆವು. ಇವಳು ಚಪ್ಪಲಿ ಬಿಟ್ಟು ನೀರಿನ ತನಕ ನಡೆದು ಹೋಗಿ, ಸುಮ್ಮನೆ ನಿಂತಳು. ನಾನು ಒಂದು ಬಂಡೆಯ ಮೇಲೆ ಕೂತು ಅವಳನ್ನು ನೋಡುತ್ತಿದ್ದೆ. ನಮ್ಮ ಹಳೆಯ ಬಸ್ಸು ಮೇಲಿನ ರಸ್ತೆಯಲ್ಲಿ ನಿಲ್ಲದೆ ಹೋಯಿತು. ಇವಳು ಅದಕ್ಕೆ ಕೈ ಬೀಸಿದಳು.

ಹೊರಡುವಾಗ ಒಂದು ತೊಡಕು ಎದುರಾಯಿತು. ಮನೆಯಲ್ಲಿ ಜಗಲಿಯ ಮೇಲಿಂದ ಹತ್ತಿದ್ದೆ, ಇಲ್ಲಿ ಜಗಲಿಯಿಲ್ಲ. ಕ್ರೂಸರಿನಲ್ಲಿ ಓಡಿಸುವವರ ಸೀಟು ತಗ್ಗು, ಹಿಂದೆ ಕೂರುವವರದು ಎತ್ತರ. ಅಂಗಡಿಯಲ್ಲಿ ಅಷ್ಟೊಂದು ಅಳೆದವನು ನಾನು, ಹಿಂದಿನ ಸೀಟನ್ನು ಮಾತ್ರ ಅಳೆದಿರಲಿಲ್ಲ. ಅಲ್ಲಿ ನಾನು ಕೂರುತ್ತೇನೆಂದು ಯಾರಿಗೆ ಗೊತ್ತಿತ್ತು? ಎರಡು ಸಲ ಕಾಲೆತ್ತಿದೆ, ಎರಡು ಸಲವೂ ನೆಲಕ್ಕೇ ಬಂತು. ಇವಳು ನಗು ತಡೆದುಕೊಂಡು ಹಿಂದಕ್ಕೆ ಕೈ ಚಾಚಿದಳು.

"ಹಿಡ್ಕೊಳ್ಳಿ ರೀ, ಹತ್ತಿಸ್ತೀನಿ."

"ಬೇಡ, ಕೈ ತೆಗಿ. ನಮ್ಮ ವಂಶದಲ್ಲಿ ಯಾರೂ ಕೈ ಹಿಡಿದು ಹತ್ತಿದವರಲ್ಲ. ನೀನು ಗಾಡಿ ಅಲ್ಲಾಡದ ಹಾಗೆ ನಿಲ್ಲಿಸ್ಕೋ, ಸಾಕು. ಬೈಕಿನ ಪಕ್ಕದ ಪೆಟ್ಟಿಗೇಲಿ ಕಾಲಿಟ್ಟು ಹತ್ತೋಕೆ ಒಂದು ಮಣೆ ಮಾಡಿಟ್ಟಿದ್ದೀನಿ, ಅದನ್ನೂ ನಾನೇ ತೆಗೀತೀನಿ."