ನೆಪ್ಚೂನ್ ಉಸ್ತುವಾರಿ

ವಿಜ್ಞಾನ ಭವನದ ಸೌರಮಂಡಲ ಮಾದರಿಗೆ ಎಂಟು ಗ್ರಹಗಳೂ ಎಂಟು ಉಸ್ತುವಾರಿ ಹುದ್ದೆಗಳೂ ವಿಧ್ಯುಕ್ತವಾಗಿ ಮಂಜೂರಾದವು. ಒಂದು ಮೀಟರ್ ಅಗಲದ ಸೂರ್ಯನನ್ನು ಹಜಾರದಲ್ಲಿ ತೂಗುಹಾಕಿ, ಅದೇ ಅಳತೆಗೆ ದೂರ ಹಿಡಿದಾಗ ಮೆಣಸಿನಕಾಳಿನಷ್ಟು ಬುಧ ಅಂಗಳದ ಹೂಗಿಡಗಳ ನಡುವೆ ನಿಂತಿತು. ನಿಂಬೆಹಣ್ಣಿನಷ್ಟು ನೆಪ್ಚೂನ್ ಮೂರು ಕಿಲೋಮೀಟರ್ ಆಚೆ, ಹಳೇ ಗೋದಾಮೊಂದರ ಪಾಲಾಯಿತು.

ಸೇವಾ ನಿಯಮಗಳ ಕರಡು ಬರೆಯುವುದು ಹಿರಿಯ ಗುಮಾಸ್ತರ ಕೆಲಸ. ಇಪ್ಪತ್ತು ವರ್ಷಗಳಿಂದ ಅವರ ಕರಡಿನಲ್ಲಿ ಒಂದು ಅಲ್ಪವಿರಾಮವನ್ನೂ ಯಾರೂ ತಿದ್ದಿರಲಿಲ್ಲ. ಯಾರೂ ಓದದಿರುವುದೇ ಅದಕ್ಕೆ ಕಾರಣವೆಂದು ಒಮ್ಮೊಮ್ಮೆ ಅವರಿಗೇ ಅನ್ನಿಸುತ್ತಿತ್ತು. ಬುಧನ ವರ್ಷ ಎಂಬತ್ತೆಂಟೇ ದಿನವೆಂದು ತಿಳಿದದ್ದೇ ತಡ, ಅವರು ಏಳನೇ ನಿಯಮ ಸೇರಿಸಿದರು: ‘ನೌಕರರ ವಯಸ್ಸು, ರಜೆ, ಬಡ್ತಿಗಳನ್ನು ಆಯಾ ಗ್ರಹದ ವರ್ಷದಂತೆಯೇ ಎಣಿಸತಕ್ಕದ್ದು.’ ಬುಧನ ಎದುರು ತಮ್ಮ ಹೆಸರನ್ನೂ ಬರೆದು ಕಳಿಸಿದರು.

ಆದೇಶ ಬಂತು. ಬುಧ ನಿರ್ದೇಶಕರ ಭಾವಮೈದನಿಗೆ, ನೆಪ್ಚೂನ್ ಗುಮಾಸ್ತರಿಗೆ.

“ಸಾರ್, ಅಲ್ಲಿ ಒಂದು ವರ್ಷ ಅಂದ್ರೆ ನಮ್ಮ ನೂರ ಅರವತ್ತೈದು ವರ್ಷ!”

“ನಿಯಮ ಬರೆದೋರು ನೀವೇ ಅಲ್ವೇನ್ರೀ? ಸೊಗಸಾಗಿದೆ,” ಎಂದರು ನಿರ್ದೇಶಕರು.

ಗುಮಾಸ್ತರು ತಮ್ಮ ಕರಡಿನಲ್ಲಿ ತಪ್ಪು ಹುಡುಕಿದರು. ಒಂದೂ ಸಿಗಲಿಲ್ಲ. ಎದೆಯುಬ್ಬಿತು, ಆಮೇಲೆ ಕುಸಿಯಿತು.

ಮೂವತ್ತೈದರ ಭಾವಮೈದ ಬೆಳಿಗ್ಗೆ ಹಾಜರಾದ. ಬುಧನ ಲೆಕ್ಕದಲ್ಲಿ ಅವನಿಗೆ ನೂರ ನಲವತ್ತೈದು. ಮಧ್ಯಾಹ್ನವೇ ಭಾಷಣ ಮಾಡಿ, ಪೂರ್ಣ ಪಿಂಚಣಿಯೊಂದಿಗೆ ನಿವೃತ್ತಿ ಕೊಟ್ಟರು. ನಲವತ್ತಾರರ ಗುಮಾಸ್ತರು ನೆಪ್ಚೂನ್ ಲೆಕ್ಕದಲ್ಲಿ ಮೂರು ತಿಂಗಳು ಹತ್ತು ದಿನದವರಾದರು. ಸಿಬ್ಬಂದಿ ಶಾಖೆಯವನು ಅವರ ಕೈಯಿಂದ ಹಾಜರಿ ಪುಸ್ತಕ ಎಳೆದುಕೊಂಡ.

“ಕೂಸಿನ ಸಹಿ ನಡೆಯಲ್ಲ ಸಾರ್. ಪೋಷಕರನ್ನ ಕರ್ಕೊಂಡು ಬನ್ನಿ.”

ಮನೆಯಲ್ಲಿ ವಿಷಯ ಹೇಳುವಾಗ ಗುಮಾಸ್ತರ ಕಿವಿ ಕೆಂಪಾಯಿತು.

“ನಾನು ಸಹಿ ಹಾಕಿದ್ರೆ ಆಗಲ್ವಾ?” ಎಂದಳು ಹೆಂಡತಿ.

“ಮೂರು ತಿಂಗಳ ಕೂಸಿಗೆ ಹೆಂಡ್ತಿ ಎಲ್ಲಿಂದ ಬಂದ್ಲು ಅಂತಾರೆ ಕಣೇ.”

“ಅದಕ್ಕ್ಯಾಕೋ ಅಳುಮುಖ? ನಾನೇ ಬರ್ತೀನಿ ಬಿಡು,” ಎಂದರು ಅವರ ಅಮ್ಮ. “ನಿನ್ನ ಬುದ್ಧಿವಂತಿಕೆ ನನಗೆ ಹೊಸದಾ?”

ಅಂದಿನಿಂದ ಅಮ್ಮ ದಿನವೂ ಗೋದಾಮಿಗೆ ಬಂದು ಸಹಿ ಹಾಕಿ, ನೆಪ್ಚೂನಿನ ಧೂಳು ಒರೆಸಿ, ಮಗನ ಪಕ್ಕ ಕೂರತೊಡಗಿದರು. ತಿಂಗಳ ಮೇಲೆ ನಿರ್ದೇಶಕರು ತಪಾಸಣೆಗೆ ಬಂದಾಗ ಗುಮಾಸ್ತರು ಕುರ್ಚಿಗೊರಗಿ ಗೊರಕೆ ಹೊಡೆಯುತ್ತಿದ್ದರು. ನಿರ್ದೇಶಕರು ಗದರಲು ಬಾಯಿ ತೆರೆದರು. ಅಮ್ಮ ತುಟಿಗೆ ಬೆರಳಿಟ್ಟರು.

“ಶ್! ಈಗ ತಾನೇ ಮಲಗಿದಾನೆ.”

ನಿರ್ದೇಶಕರು ‘ವಯಸ್ಸಿಗೆ ತಕ್ಕ ಕಾರ್ಯನಿರ್ವಹಣೆ, ತೃಪ್ತಿಕರ’ ಎಂದು ಷರಾ ಬರೆದು, ಬೂಟುಗಳನ್ನು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹೊರಟುಹೋದರು.