ಕೊನೆಯ ಬಾತುಕೋಳಿ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾದರೂ ನಾಳೆಯಿಂದ ಈ ಕಾಫಿ ಅಂಗಡಿಯಲ್ಲಿ ನನಗೆ ಹುಕ್ಕಾ ಕೊಡುವುದು ಬೇಡ. ನಂಬಿಕೆ ಬಾರದಿದ್ದರೆ ಅಗೋ, ಆ ಮೂಲೆ ಕುರ್ಚಿಯಲ್ಲಿ ಟೀ ಲೋಟ ಹಿಡಿದು ಗೋಡೆಗೆ ಮುಖ ಮಾಡಿ ಕೂತಿದ್ದಾನಲ್ಲ, ಅವನನ್ನು ಕೇಳಿ. ಅವನು ಇಲ್ಲ ಎನ್ನಲಿ ನೋಡೋಣ.

ವಗ್ದಿ ನಮ್ಮ ತಂತಾ ಪಟ್ಟಣದ ನೀರು ಸರಬರಾಜು ಕಚೇರಿಯ ಗುಮಾಸ್ತ. ಅವನ ಕಷ್ಟ ಶುರುವಾದದ್ದು ಅವನದೇ ಬಚ್ಚಲುಮನೆಯಲ್ಲಿ. ಚಳಿಗಾಲದಲ್ಲಿ ಅವನ ಅತ್ತೆ ತಫೀದಾ ಹಾಜಿಯಮ್ಮ ಮಗಳನ್ನು ನೋಡಲು ಹಳ್ಳಿಯಿಂದ ಬಂದರು. ಬರಿಗೈಯಲ್ಲಿ ಬರುವುದು ಹೇಗೆಂದು ಒಂದು ಬುಟ್ಟಿ ಬಾತುಕೋಳಿ ತಂದರು. ಬಾತುಕೋಳಿಗೆ ನೀರು ಬೇಕು, ಮನೆಯಲ್ಲಿ ನೀರು ನಿಲ್ಲುವ ಜಾಗ ಎಂದರೆ ಸ್ನಾನದ ತೊಟ್ಟಿ. ಅವು ಅದರಲ್ಲಿ ಇಳಿದವು, ಮತ್ತೆ ಏಳಲಿಲ್ಲ. ಊರಿಗೆಲ್ಲ ನೀರು ಬಿಡುವ ಕಚೇರಿಯವನು ತಾನು ಮಾತ್ರ ಬಾಲ್ಕನಿಯಲ್ಲಿ, ಬೆಡ್‌ಶೀಟಿನ ಮರೆಯಲ್ಲಿ, ಅರ್ಧ ಬಕೆಟ್ ನೀರು ಹೊಯ್ದುಕೊಳ್ಳುವಂತಾಯಿತು. ಅದೂ ನೆಮ್ಮದಿಯಾಗಿ ಅಲ್ಲ. ಮೇಲಿನ ಬಾಲ್ಕನಿಯಿಂದ ನಿವೃತ್ತ ಭೂಗೋಳದ ಮೇಷ್ಟ್ರು ಫಿಕ್ರಿ ಬಗ್ಗಿ ನೋಡಿ, "ಬಲಗಿವಿ ಹಿಂದೆ ಸೋಪು ಉಳಿದಿದೆ ವಗ್ದಿ" ಎನ್ನುತ್ತಿದ್ದರು.

"ಅತ್ತೆ, ಊರಲ್ಲಿ ಮನೆ ಬೀಗ ಹಾಕಿದೆ. ಕಳ್ಳರ ಕಾಲ" ಎಂದು ವಗ್ದಿ ಒಮ್ಮೆ ಮೆತ್ತಗೆ ಹೇಳಿ ನೋಡಿದ.

"ನನಗೇನು ಇಲ್ಲಿ ಇರೋಕೆ ಆಸೆನಾ?" ಎಂದರು ಹಾಜಿಯಮ್ಮ. "ನನ್ನ ಮಗಳಿಗೆ ಒಂದು ಬಾತುಕೋಳಿಗೆ ಮೇವು ಹಾಕೋಕೆ ಬರಲ್ಲ, ನಿನಗಂತೂ ಅದರ ಹಿಂದು ಮುಂದು ಗೊತ್ತಾಗಲ್ಲ. ಅಲ್ಲಾನ ಆಣೆ, ಈ ಮನೇಲಿ ಒಂದೇ ಒಂದು ಬಾತುಕೋಳಿ ಉಳಿದಿರೋ ತನಕ ನಾನು ಊರ ಕಡೆ ಮುಖ ಹಾಕಲ್ಲ."

ಹಾಜಿಯಮ್ಮ ಹಜ್ ಮಾಡಿ ಬಂದವರು. ಸುಳ್ಳು ಹೇಳುವವರಲ್ಲ, ಆಣೆ ಮುರಿಯುವವರಲ್ಲ. ವಗ್ದಿ ಅಂದಿನಿಂದ ಬಾತುಕೋಳಿ ತಿನ್ನತೊಡಗಿದ. ಬಾತಿನ ಸಾರು, ಹುರಿದ ಬಾತು, ಬಾತಿನ ಅನ್ನ. ತಿಂದೂ ತಿಂದೂ ನಡಿಗೆಯೇ ಅಡ್ಡಾದಿಡ್ಡಿಯಾಯಿತು ಎಂದು ಕಚೇರಿಯಲ್ಲಿ ಆಡಿಕೊಂಡರು. ಕೊನೆಗೂ ತೊಟ್ಟಿಯಲ್ಲಿ ಒಂದೇ ಉಳಿಯಿತು.

ಅದನ್ನು ಕೊಯ್ದ ದಿನ ಹಾಜಿಯಮ್ಮ ಹೊಸ ರಾಗ ತೆಗೆದರು. "ಟಿವಿಯಲ್ಲಿ ತೋರಿಸ್ತಾರಲ್ಲ, ಕೈರೋ ದಾರಿಯಲ್ಲಿ ಮರಳುಗಾಡಿನ ಮಧ್ಯೆ ಆಟದ ಪಾರ್ಕು, ಆ ದೊಡ್ಡ ಚಕ್ರದ ನೆರಳಲ್ಲಿ ಕೂತು ಮೊಮ್ಮಗಳ ಜೊತೆ ಇದನ್ನ ತಿಂತೀನಿ. ಮಾರನೇ ದಿನ ಊರು."

"ನಾಳೆನೇ ಹೋಗೋಣ ಅತ್ತೆ" ಎಂದ ವಗ್ದಿ. ಮದುವೆಯ ದಿನ ಒಪ್ಪಿಗೆ ಹೇಳುವಾಗಲೂ ಅವನು ಅಷ್ಟು ಬೇಗ ಬಾಯಿ ತೆರೆದಿರಲಿಲ್ಲ.

ಬಾಡಿಗೆ ವ್ಯಾನಿನಲ್ಲಿ ಒಂದು ಸೀಟು ಖಾಲಿ ಇದೆಯೆಂದು ಫಿಕ್ರಿ ಮೇಷ್ಟ್ರು ಕರೆಯದೆಯೇ ಹತ್ತಿ ಕೂತರು. ದಾರಿಯಲ್ಲಿ ಅವರೇ ತೊಡಕು ತೆಗೆದದ್ದು. "ಅಲ್ಲಿ ಹೊರಗಿನ ಊಟ ಬಿಡಲ್ಲ ಕಣಯ್ಯ. ಚೀಲಕ್ಕೆ ಕೈ ಹಾಕಿ ನೋಡ್ತಾರೆ. ನನ್ನ ಷಡ್ಡಕನ ಕೈಯಿಂದ ಬೇಯಿಸಿದ ಮೊಟ್ಟೆ ಕಿತ್ಕೊಂಡಿದಾರೆ."

ವಗ್ದಿಯ ಹೆಂಡತಿ ಸುಹೇರ್ ಬುತ್ತಿ ನೋಡಿದಳು, ಗಂಡನ ಮುಖ ನೋಡಿದಳು. "ರೀ, ಅಮ್ಮ ಅಲ್ಲೇ ತಿನ್ನಬೇಕು ಅಂದಿದಾರೆ. ಆಮೇಲೆ ನನ್ನನ್ನ ಕೇಳಬೇಡಿ."

"ಚೀಲ ತಾನೇ ನೋಡೋದು" ಎಂದರು ಮೇಷ್ಟ್ರು. "ಮಗು ನೋಡ್ತಾರಾ?"

ಐದು ವರ್ಷದ ಲುಬ್ನಾ ಕಾಲು ನೋವೆಂದರೆ ಇರಲಿ ಎಂದು ಅವಳ ಹಳೆಯ ನೀಲಿ ಕೈಗಾಡಿಯನ್ನು ವ್ಯಾನಿನಲ್ಲಿ ಹಾಕಿಕೊಂಡಿದ್ದರು. ಹೊಟ್ಟೆ ತುಂಬ ಈರುಳ್ಳಿ, ದಾಲ್ಚಿನ್ನಿ ತುಂಬಿಸಿಕೊಂಡು ತುಪ್ಪದಲ್ಲಿ ಕೆಂಪಗೆ ಬೆಂದಿದ್ದ ಬಾತುಕೋಳಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಗಾಡಿಯಲ್ಲಿ ಮಲಗಿಸಿ, ಮೇಲೆ ಸೊಳ್ಳೆಪರದೆ ಎಳೆದರು. ಹಾಜಿಯಮ್ಮ ದೃಷ್ಟಿಗೆಂದು ಒಂದು ನೀಲಿ ಮಣಿಯನ್ನೂ ಕಟ್ಟಿದರು.

ಗೇಟಿನ ಕಾವಲುಗಾರ ಗಾಡಿಯ ಮುಂದೆ ಬಗ್ಗಿದ. "ಮಾಷಾ ಅಲ್ಲಾ. ಎಷ್ಟು ತಿಂಗಳು ತಾಯಿ?"

"ನಾಲ್ಕು" ಎಂದರು ಹಾಜಿಯಮ್ಮ. ಸುಳ್ಳಲ್ಲ. "ನನ್ನ ಕೈಯಾರೆ ಸಾಕಿದ್ದು."

"ತುಂಬ ಸಾಧು ಮಗು."

"ನಿನ್ನೆ ಸಂಜೆಯಿಂದ ತುಟಿ ಬಿಚ್ಚಿಲ್ಲ."

ಕಾವಲುಗಾರ ಮೂಗು ಅರಳಿಸಿದ. "ಏನೋ ಈರುಳ್ಳಿ ಘಮ ಬರ್ತಿದೆ."

"ಹೊಟ್ಟೆನೋವಿಗೆ ಮನೆಮದ್ದು" ಎಂದರು ಮೇಷ್ಟ್ರು, ಅಡ್ಡ ಬಂದು. "ನಿಮಗೂ ಹೊಟ್ಟೆ ಸರಿ ಇಲ್ಲ ಅಂತ ಕಾಣುತ್ತೆ. ಕಣ್ಣ ಕೆಳಗೆ ಹಳದಿ ಇದೆ." ಕಾವಲುಗಾರ ಕಣ್ಣು ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ಬಾತುಕೋಳಿ ಒಳಗೆ ಹೋಗಿತ್ತು.

ಅಷ್ಟರವರೆಗೆ ಎಲ್ಲ ಸಲೀಸು. ಚಕ್ರದ ಬಳಿ ಹೋದ ಮೇಲೆ ಹಾಜಿಯಮ್ಮನಿಗೆ ನೆರಳು ಸಾಲದೆನಿಸಿತು. "ಹತ್ತೇ ಬಿಡ್ತೀನಿ" ಎಂದು ಮಗಳು, ಮೊಮ್ಮಗಳನ್ನು ಕರೆದುಕೊಂಡು ಹತ್ತಿದರು. ಮೇಷ್ಟ್ರು ಟಿಕೆಟಿನವನಿಗೆ ಗಾಳಿ ಯಾವ ದಿಕ್ಕಿಂದ ಬೀಸುತ್ತದೆ ಎಂದು ಪಾಠ ಹೇಳಲು ನಿಂತರು. ವಗ್ದಿ ಗಾಡಿಯನ್ನು ಬೆಂಚಿನ ಪಕ್ಕ ನಿಲ್ಲಿಸಿ ಕಾವಲು ಕೂತ. ಬೆಂಚಿನ ಆ ತುದಿಯಲ್ಲಿ ಕಪ್ಪು ಬಟ್ಟೆಯ ಅಜ್ಜಿಯೊಬ್ಬಳು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದಳು. ಅವಳ ಪಕ್ಕದಲ್ಲೂ ಒಂದು ನೀಲಿ ಗಾಡಿ, ಬಿಳಿ ಪರದೆ, ನೀಲಿ ಮಣಿ. ಈ ದೇಶದ ಅರ್ಧ ಮಕ್ಕಳು ಬೆಳೆದಿರುವುದೇ ಅಂಥ ಗಾಡಿಯಲ್ಲಿ.

ಚಕ್ರ ತುತ್ತತುದಿಗೆ ಹೋದಾಗ ಹಾಜಿಯಮ್ಮ ಅಳಿಯನನ್ನು ಕೂಗಲು ಕಾಲೆತ್ತಿ ಎದ್ದರು. ಎಡಗಾಲಿನ ಚಪ್ಪಲಿ ಕಳಚಿತು. ಅದು ಹದ್ದಿನಂತೆ ಒಂದು ಸುತ್ತು ಹಾಕಿ, ಇಡೀ ಪಾರ್ಕಿನಲ್ಲಿ ಬೇರೆ ತಲೆ ಕಾಣದೆ ವಗ್ದಿಯ ನೆತ್ತಿಯನ್ನೇ ಹುಡುಕಿಕೊಂಡು ಬಂದು ಬಡಿದು, ಅಲ್ಲಿಂದ ಪುಟಿದು ದೋಣಿಯಾಟದ ಕಾಲುವೆಗೆ ಬಿತ್ತು.

"ಅದು ಮೆಕ್ಕಾದಿಂದ ತಂದ ಚಪ್ಪಲಿ" ಎಂಬ ಕೂಗು ಆಕಾಶದಿಂದ ಕೇಳಿಸಿತು.

ವಗ್ದಿ ಮೊಣಕಾಲುದ್ದ ನೀರಿಗಿಳಿದ. ಎರಡು ದೋಣಿಗಳು ಅವನ ಸೊಂಟಕ್ಕೆ ಗುದ್ದಿದವು. ಚಪ್ಪಲಿ ಸಿಕ್ಕಿತು, ತನ್ನದೊಂದು ಬೂಟು ಕೆಸರು ಪಾಲಾಯಿತು. ತಲೆಯಲ್ಲಿ ಇನ್ನೂ ಗಂಟೆ ಹೊಡೆಯುತ್ತಿರಲು ಕುಂಟುತ್ತ ಬಂದು, ಕೈಗೆ ಸಿಕ್ಕ ಗಾಡಿ ತಳ್ಳಿಕೊಂಡು, ಇಳಿದು ಬರುತ್ತಿದ್ದ ಹೆಂಗಸರನ್ನು ಸೇರಿಕೊಂಡ.

ಪೊದೆಯ ಮರೆಯಲ್ಲಿ ಚಾಪೆ ಹಾಸಿದರು. ರೊಟ್ಟಿ ಹಂಚಿದರು. ಹಾಜಿಯಮ್ಮ ಬಿಸ್ಮಿಲ್ಲಾ ಎಂದು ಪರದೆ ಸರಿಸಿದರು.

ಒಳಗಿದ್ದದ್ದು ಕಣ್ಣು ಬಿಟ್ಟು ಸೀನಿತು.

ಹಾಜಿಯಮ್ಮ ನಿಧಾನವಾಗಿ ತಲೆಯೆತ್ತಿ, "ವಗ್ದಿ, ನನ್ನ ಬಾತುಕೋಳಿಗೆ ಏನು ಮಾಡಿದೆ?" ಎಂದು ಕೇಳಿದರು.

"ಅಪ್ಪಾ, ಇದನ್ನೂ ತಿನ್ನಬೇಕಾ?" ಎಂದಳು ಲುಬ್ನಾ. ಅವಳ ಬಾಯಿ ತುಂಬ ಗುಲಾಬಿ ಸಕ್ಕರೆ ಮಿಠಾಯಿ ಇತ್ತು.

"ಮಗು ಕದ್ದರೆ ಏನು ಶಿಕ್ಷೆ ಗೊತ್ತಾ ವಗ್ದಿ?" ಎಂದರು ಮೇಷ್ಟ್ರು. "ಬೇಡ ಬಿಡು, ಊಟದ ಹೊತ್ತಲ್ಲಿ ಯಾಕೆ."

ವಗ್ದಿಗೆ ಮಗುವಿನ ಹೆತ್ತವರ ಗತಿ ಏನೋ ಎಂಬ ಚಿಂತೆ ಒಂದು ಕಡೆ. ಬಾತುಕೋಳಿ ಹೋದರೆ ತನ್ನ ಗತಿ ಏನು ಎಂಬುದು ಇನ್ನೊಂದು ಕಡೆ. ಅಷ್ಟರಲ್ಲಿ ಪಾರ್ಕಿನ ಮೈಕು ಕರಕರ ಎಂದಿತು. "ನೀಲಿ ಗಾಡಿಯಲ್ಲಿದ್ದ ಗಂಡುಮಗು ಕಾಣೆಯಾಗಿದೆ. ಅದರ ಜಾಗದಲ್ಲಿ..." ಎಂದು ತಡವರಿಸಿ, ಪಕ್ಕದವರೊಡನೆ ಏನೋ ಪಿಸುಗುಟ್ಟಿ, "ದಯವಿಟ್ಟು ಸಂಬಂಧಪಟ್ಟವರು ಕಚೇರಿಗೆ ಬನ್ನಿ" ಎಂದು ಬಾಯಿ ಮುಚ್ಚಿಕೊಂಡಿತು.

ಮಗು ಅಳತೊಡಗಿತೆಂದು ವಗ್ದಿ ಎತ್ತಿಕೊಂಡ. ಎತ್ತಿದ ಕೂಡಲೇ ಅದು ಅವನ ಒಣಗಿ ಉಳಿದಿದ್ದ ಒಂದೇ ಜಾಗವನ್ನು ಒದ್ದೆ ಮಾಡಿತು, ಆಮೇಲೆ ಅವನ ಮೀಸೆ ಹಿಡಿದುಕೊಂಡು ತೃಪ್ತಿಯಿಂದ ಸುಮ್ಮನಾಯಿತು. ಮಗುವನ್ನು ಕಚೇರಿಯ ಬಾಗಿಲಲ್ಲಿ ಇಟ್ಟು ಕಣ್ಣು ತಪ್ಪಿಸಿ ಓಡಬೇಕೆಂಬುದು ಅವನ ಲೆಕ್ಕಾಚಾರ. ಆದರೆ ಮೀಸೆ ಬಿಟ್ಟರಲ್ಲವೇ ಓಡುವುದು? ಹಾಗೆಯೇ ಮೂಗು ಮುಂದೆ ಮಾಡಿಕೊಂಡು, ಒಂದೇ ಬೂಟಿನಲ್ಲಿ, ಕಚೇರಿಯ ಒಳಗೆ ಹೋದ, ಉಳಿದವರೆಲ್ಲ ಹಿಂದೆ.

ಒಳಗೆ ಕಪ್ಪು ಬಟ್ಟೆಯ ಅಜ್ಜಿ ನೆಲದ ಮೇಲೆ ಕೂತು ಬಾತುಕೋಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಒಂದು ಕೈಯಲ್ಲಿ ತಟ್ಟುತ್ತಿದ್ದಳು, ಇನ್ನೊಂದು ಕೈಯಲ್ಲಿ ಉಪ್ಪು ಎರಚುತ್ತಿದ್ದಳು. ಮಗುವಿನ ತಾಯಿ ಗೋಡೆಗೊರಗಿ ಅಳುತ್ತಿದ್ದಳು.

"ಜಿನ್ ಬಂದು ನನ್ನ ಮೊಮ್ಮಗನ್ನ ಬಾತುಕೋಳಿ ಮಾಡಿಬಿಟ್ಟಿದೆ" ಎನ್ನುತ್ತಿದ್ದಳು ಅಜ್ಜಿ.

"ತಾಯಿ, ಅದು ಬೇಯಿಸಿರೋ ಬಾತುಕೋಳಿ" ಎಂದ ಪಾರ್ಕಿನ ಅಧಿಕಾರಿ, ಬಹುಶಃ ಹತ್ತನೇ ಸಲ.

"ನಾನೂ ಅದನ್ನೇ ಹೇಳ್ತಿರೋದು. ಬೇಯಿಸೂ ಬಿಟ್ಟಿದೆ ಹಾಳಾದ್ದು."

"ಉಪ್ಪು ಸಾಕು ಕಣಮ್ಮ" ಎಂದರು ಬಾಗಿಲಲ್ಲಿ ನಿಂತ ಹಾಜಿಯಮ್ಮ, ತಡೆಯಲಾಗದೆ. "ನಾನು ಆಗಲೇ ಹಾಕಿದೀನಿ."

ಎಲ್ಲರೂ ತಿರುಗಿದರು. ಮಗುವನ್ನು ಕಂಡ ತಾಯಿ ಹಾರಿ ಬಂದು ಕಿತ್ತುಕೊಂಡಳು. ಮಗುವಿನ ಜೊತೆ ಮೀಸೆಯ ನಾಲ್ಕಾರು ಕೂದಲೂ ಹೋದವು. ತಂದೆ ಖಮೀಸ್, ಫಯೂಮಿನ ಕಡೆಯ ಎತ್ತರದ ಆಳು, ವಗ್ದಿಯ ಎರಡೂ ಕೆನ್ನೆಗೆ ಮುತ್ತಿಟ್ಟು ಅತ್ತ. ಅಜ್ಜಿ ಮಾತ್ರ ಬಾತುಕೋಳಿಯನ್ನು ಕೆಳಗಿಡದೆ ಅದನ್ನೂ ಮಗುವನ್ನೂ ಹೋಲಿಸಿ ನೋಡುತ್ತಿದ್ದಳು.

ಅಧಿಕಾರಿ ಬೆವರು ಒರೆಸಿಕೊಂಡ. "ಸರಿ. ಈಗ ಈ ಬಾತುಕೋಳಿ ಯಾರದ್ದು?"

ಅವನ ತಲೆಯ ಮೇಲೆಯೇ ಹೊರಗಿನ ಊಟ ನಿಷಿದ್ಧ ಎಂಬ ಫಲಕವಿತ್ತು. ವಗ್ದಿ ಫಲಕ ನೋಡಿದ. ಸುಹೇರ್ ಕಿಟಕಿ ನೋಡಿದಳು.

"ನಮ್ಮ ವಗ್ದಿಯದ್ದು" ಎಂದರು ಫಿಕ್ರಿ ಮೇಷ್ಟ್ರು, ತರಗತಿಯಲ್ಲಿ ಉತ್ತರ ಹೇಳಿಕೊಡುವಂತೆ.

"ಹಂಗಾದ್ರೆ ಇದು ಕಸದ ಬುಟ್ಟಿಗೆ. ನಿಯಮ."

ವಗ್ದಿ ಅಧಿಕಾರಿಯ ಕೈ ಹಿಡಿದುಕೊಂಡು ಮೂಲೆಗೆ ಕರೆದೊಯ್ದ. "ಸಾಹೇಬ್ರೆ, ಬುಟ್ಟಿಗೆ ಬೇಡ. ಇದು ಕೊನೇದು. ಇದನ್ನ ಇಲ್ಲಿ ತಿಂದ್ರೆ ನಮ್ಮತ್ತೆ ನಾಳೆ ಊರಿಗೆ ಹೋಗ್ತಾರೆ. ಆಣೆ ಇಟ್ಟಿದಾರೆ."

ಅಧಿಕಾರಿ ದನಿ ತಗ್ಗಿಸಿದ. "ಯಾವಾಗಿಂದ ಇದಾರೆ?"

"ಚಳಿಗಾಲದಿಂದ."

"ನಮ್ಮತ್ತೆ ಬಂದು ಎರಡು ವರ್ಷ" ಎಂದ ಅಧಿಕಾರಿ. ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದ, ಮೇಜಿನ ಮೇಲಿದ್ದದ್ದನ್ನೆಲ್ಲ ಒತ್ತಟ್ಟಿಗೆ ಸರಿಸಿದ. "ಬೇಗ ತಿನ್ನಿ. ನನಗೊಂದು ತೊಡೆ ಇಡಿ."

ಕಿಟಕಿಯಾಚೆಯ ದೊಡ್ಡ ಚಕ್ರದ ನೆರಳು ಅಧಿಕಾರಿಯ ಮೇಜಿನವರೆಗೂ ಬಂದಿತ್ತು. ಅದನ್ನು ಹಾಜಿಯಮ್ಮ ತಾವೇ ಬೆರಳಿಟ್ಟು ನೋಡಿ ಒಪ್ಪಿದರು. ಎರಡು ಸಂಸಾರ, ಒಬ್ಬ ಅಧಿಕಾರಿ, ಒಬ್ಬ ಮೇಷ್ಟ್ರು ಸೇರಿ ಬಾತುಕೋಳಿಯನ್ನು ಎಲುಬು ಕಾಣುವಂತೆ ಮುಗಿಸಿದರು. ಸ್ವಲ್ಪ ಉಪ್ಪು ಜಾಸ್ತಿ ಎಂದು ಎಲ್ಲರೂ ಹೇಳಿದರು, ಅಜ್ಜಿಯ ಮುಖ ನೋಡದೆ. ಸಾಕೆಂದ ಲುಬ್ನಾಳಿಗೆ ವಗ್ದಿ ಕೊನೆಯ ತುತ್ತನ್ನು ಕುದುರೆ ಬಂತು, ರೈಲು ಬಂತು ಎಂದು ತಾನೇ ತಿನ್ನಿಸಿದ. ಅವಳು ನುಂಗಿದ್ದನ್ನು ಬಾಯಿ ತೆರೆಸಿ ಖಾತ್ರಿ ಮಾಡಿಕೊಂಡ.

"ಮುಗೀತು ಅತ್ತೆ" ಎಂದ.

"ಮುಗೀತು ಮಗಾ" ಎಂದರು ಹಾಜಿಯಮ್ಮ, ಕೈ ಒರೆಸಿಕೊಳ್ಳುತ್ತ. "ನಾಳೆ ಬೆಳಗ್ಗೆ ಬಸ್ಸಿಗೆ ಬಿಡು."

ವಗ್ದಿಗೆ ಕಣ್ಣ ಮುಂದೆ ಬರೀ ಸ್ನಾನದ ತೊಟ್ಟಿ ಕಂಡಿತು. ಖಾಲಿ, ಬೆಳ್ಳಗೆ, ಕುತ್ತಿಗೆವರೆಗೆ ಬಿಸಿನೀರು, ಸುತ್ತ ಗೋಡೆ, ಮೇಲೆ ಫಿಕ್ರಿ ಮೇಷ್ಟ್ರು ಇಲ್ಲ. ಒಂದು ಬೂಟಿನಲ್ಲಿಯೇ ಅವನು ವಾಹನ ನಿಲ್ಲಿಸುವ ಜಾಗಕ್ಕೆ ಹಾಡು ಗುನುಗುತ್ತ ನಡೆದ.

"ನಿಲ್ಲಣ್ಣಾ" ಎಂದು ಹಿಂದಿನಿಂದ ಖಮೀಸ್ ಓಡಿ ಬಂದ. "ನನ್ನ ಮಗನ್ನ ಎದೆಗಪ್ಪಿಕೊಂಡು ತಂದುಕೊಟ್ಟೆ. ಮೇಲೆ ನಿನ್ನ ಊಟ ನಾವು ತಿಂದ್ವಿ. ಬರಿಗೈಲಿ ಕಳಿಸಿದ್ರೆ ಫಯೂಮಲ್ಲಿ ನಾನು ಮುಖ ತೋರಿಸೋದು ಹೆಂಗೆ?"

"ಏನೂ ಬೇಡಣ್ಣ. ನಿನ್ನ ಪ್ರೀತಿ ಸಾಕು."

"ಬೇಡ ಅಂದ್ರೆ ನನ್ನ ಹೆಂಡ್ತಿ ಮೇಲೆ ತಲಾಖಿನ ಆಣೆ" ಎಂದ ಖಮೀಸ್.

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಅವನ ಹೆಂಡತಿ ನಿಟ್ಟುಸಿರು ಬಿಟ್ಟಳು. "ತಗೊಂಡುಬಿಡಿ ಅಣ್ಣಾ. ಹೋದ ತಿಂಗಳು ಹಿಂಗೇ ಒಬ್ರು ಕುಂಬಳಕಾಯಿ ಬೇಡ ಅಂದ್ರು. ನಾನು ಗಂಟುಮೂಟೆ ಕಟ್ಕೊಂಡು ತವರಿಗೆ ಹೋಗಬೇಕಾಯ್ತು."

"ಒಬ್ಬರ ಸಂಸಾರ ಮುರೀಬಾರದು ವಗ್ದಿ" ಎಂದರು ಫಿಕ್ರಿ ಮೇಷ್ಟ್ರು. "ಕೈ ಚಾಚು."

ವಗ್ದಿ ಕೈ ಚಾಚಿದ. ಖಮೀಸ್ ತನ್ನ ಸಣ್ಣ ಲಾರಿಯ ಹಿಂಬಾಗಿಲು ತೆರೆದ. ಅದರೊಳಗೆ, ಒಂದರ ಮೇಲೊಂದು, ಗಾಳಿಗೆ ತೂತು ಮಾಡಿದ ಪೆಟ್ಟಿಗೆಗಳು. ಅವನ ಕಸುಬೇ ಅದು, ಮರಿ ಮಾಡಿಸಿ ಸಂತೆ ಸಂತೆಗೆ ಹಾಕುವುದು. ಅವನು ಮೇಲಿನ ಪೆಟ್ಟಿಗೆ ಇಳಿಸಿ ವಗ್ದಿಯ ಕೈಯಲ್ಲಿಟ್ಟ. ಪೆಟ್ಟಿಗೆ ಕಿಚಿಕಿಚಿ ಎಂದು ಅಲುಗಾಡಿತು. ತೂತಿನಿಂದ ಒಂದು ಹಳದಿ ಕೊಕ್ಕು ಹೊರಬಂದು ಅವನ ಹೆಬ್ಬೆರಳನ್ನು ಮೆಲ್ಲಗೆ ಕಚ್ಚಿತು.

ಹಾಜಿಯಮ್ಮ ಮುಚ್ಚಳ ತೆಗೆದು ಬಗ್ಗಿದರು. ಒಂದನ್ನು ಅಂಗೈಯಲ್ಲಿ ಮಗುಚಿ ನೋಡಿ, ಹೊಟ್ಟೆಗೆ ಊದಿ, ಜಾತಿ ಪರೀಕ್ಷೆ ಮಾಡಿದರು.

"ಒಳ್ಳೆ ಮರಿ ಕಣೋ ಖಮೀಸ. ಬಾತುಕೋಳಿನೇ."

"ಫಯೂಮಲ್ಲೇ ಇಂಥದ್ದು ಸಿಗಲ್ಲ ಹಾಜಿಯಮ್ಮ."

"ಅತ್ತೆ" ಎಂದ ವಗ್ದಿ, ಪೆಟ್ಟಿಗೆಯನ್ನು ಮೈಯಿಂದ ದೂರ ಹಿಡಿದು. "ಇವು ಬೇರೆ ಬಾತುಕೋಳಿ. ನೀವು ಆಣೆ ಇಟ್ಟದ್ದು ಆ ಬಾತುಕೋಳಿಗೆ."

"ಈ ಮನೇಲಿ ಒಂದೇ ಒಂದು ಬಾತುಕೋಳಿ ಉಳಿದಿರೋ ತನಕ ಅಂದಿದ್ದು" ಎಂದರು ಹಾಜಿಯಮ್ಮ. "ಮೆಕ್ಕಾ ನೋಡಿ ಬಂದ ಬಾಯಿ ಇದು. ನಿನಗೋಸ್ಕರ ಸುಳ್ಳು ಮಾಡೋಕಾಗುತ್ತಾ?"

"ಬೇಗ ದೊಡ್ಡವಾಗ್ತವೆ ಅಲ್ವಾ? ಬೇಗ ಬೇಗ ತಿಂದುಬಿಡೋಣ."

ಹಾಜಿಯಮ್ಮ ಮರಿಯನ್ನು ಎದೆಗವಚಿಕೊಂಡು ಅಳಿಯನನ್ನು ಕಟುಕನನ್ನು ನೋಡುವಂತೆ ನೋಡಿದರು. "ಇವನ್ನ ಕೊಯ್ಯೋದಾ? ಇವು ಮೊಟ್ಟೆ ಇಡೋ ಜಾತಿ."

ವ್ಯಾನಿನಲ್ಲಿ ಪೆಟ್ಟಿಗೆಗೆ ಜಾಗ ಸಾಲದೆ ಅದನ್ನು ವಗ್ದಿಯ ತೊಡೆಯ ಮೇಲಿಟ್ಟರು. ತಂತಾ ಬರುವ ತನಕ ಫಿಕ್ರಿ ಮೇಷ್ಟ್ರು ಒಂದು ಬಾತುಕೋಳಿಯ ಆಯಸ್ಸು ಎಷ್ಟು ಎಂಬುದನ್ನು ವಿವರಿಸಿದರು. ಅದು ವಗ್ದಿ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿತ್ತು.

ಕತೆ ಅಷ್ಟಕ್ಕೇ ನಿಲ್ಲಲಿಲ್ಲ. ಆ ಮರಿಗಳು ಬೆಳೆದು ಮೊಟ್ಟೆಯಿಟ್ಟು, ಮೊನ್ನೆ ಶುಕ್ರವಾರ ಅವುಗಳ ಮರಿಗಳೂ ಹೊರಬಂದವು. ತೊಟ್ಟಿ ಸಾಲದಾಯಿತು. ಆಗ ಹಾಜಿಯಮ್ಮ ಅಳಿಯನನ್ನು ಕರೆದು, ಮಲಗುವ ಕೋಣೆಯ ಕಡೆ ಕೈ ತೋರಿಸಿ ಏನಂದರು ಎಂದರೆ... ಯಾಕಯ್ಯಾ ಎದ್ದೆ? ಕೂತುಕೋ ವಗ್ದಿ, ಲೋಟದಲ್ಲಿ ಟೀ ಅರ್ಧ ಹಾಗೇ ಇದೆ. ಮೇವು ಹಾಕೋ ಹೊತ್ತಾಯಿತು ಅಂತ ನನಗೂ ಗೊತ್ತು, ಆದರೆ ಆ ಮಂಚ ಈಗ ಬಾತುಕೋಳಿಗಳ ಪಾಲು ಅನ್ನೋದನ್ನ ಇವರಿಗೆಲ್ಲ ಹೇಳಿ ಮುಗಿಸಬೇಡವೇ?